ಕ್ರ್ಯಾಶ್ ಬ್ಯಾಂಡಿಕೂಟ್: ತುಳಿಯಬೇಕೋ, ಸುತ್ತಬೇಕೋ, ಜಾರಬೇಕೋ?

ಕ್ರ್ಯಾಶ್ ಬ್ಯಾಂಡಿಕೂಟ್ ವಿಡಿಯೋ ಗೇಮ್ ಆಡಲು ಹೊಸದಾಗಿ ಕೂತವರ ಹೆಬ್ಬೆರಳು ಚೌಕದ ಬಟನ್ ಬಿಟ್ಟು ಕದಲುವುದಿಲ್ಲ. ಅದು ಸ್ಪಿನ್ ಬಟನ್. ಒತ್ತಿದರೆ ನಾವು ಆಡಿಸುವ ಕ್ರ್ಯಾಶ್ ಗಿರ್ರನೆ ಸುತ್ತುತ್ತಾನೆ, ಎದುರಿಗಿದ್ದ ಏಡಿ ಹಾರಿ ಹೋಗುತ್ತದೆ, ಪೆಟ್ಟಿಗೆ ಪುಡಿಯಾಗುತ್ತದೆ. ಸಕಲೇಶಪುರದಲ್ಲಿರುವ ನನ್ನ ಚಿಕ್ಕಮ್ಮನ ಮಗ ಮಳೆ ರಜೆ ಬಂದಾಗಲೆಲ್ಲ ಫೋನ್ ಮಾಡಿ ಕೇಳುವುದು ಇದನ್ನೇ. "ಅಣ್ಣ, ಸ್ಪಿನ್ ಒಂದೇ ಸಾಕಲ್ವಾ? ಬೇರೆದೆಲ್ಲ ಯಾಕೆ ಬೇಕು?" ಹಾಸನದ ಹಾಸ್ಟೆಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಪ್ಯಾಡ್ ಸಿಕ್ಕಿಸಿಕೊಂಡು ಆಡುವ ಅವನ ಅಣ್ಣನಿಗೂ, ಚಿಕ್ಕಮಗಳೂರಿನ ನಮ್ಮ ಬೀದಿಯ ಮಕ್ಕಳಿಗೂ ಹೆಚ್ಚುಕಡಿಮೆ ಇದೇ ಅನುಮಾನ. ಎಲ್ಲರಿಗೂ ಒಂದೇ ಕಡೆ ಉತ್ತರ ಸಿಗಲಿ ಅಂತ ಬರೆಯುತ್ತಿದ್ದೇನೆ.

ಸ್ಪಿನ್ ಒಂದೇ ಸಾಕಾಗುವುದಿಲ್ಲ. ಮೊದಲ ಒಂದೆರಡು ಹಂತ ಅದರಿಂದಲೇ ದಾಟಬಹುದು. ಆಮೇಲೆ ಎಲ್ಲಿ ಸತ್ತೆವು, ಯಾಕೆ ಸತ್ತೆವು ಅಂತಲೇ ಗೊತ್ತಾಗದೆ ಜೀವ ಖಾಲಿಯಾಗುತ್ತಾ ಹೋಗುತ್ತದೆ.

ಯಾವ ಹೊಡೆತ ಹಾಕಲಿ ಅಂತ ಯೋಚಿಸುವಾಗ ನಾವೆಲ್ಲ ಎದುರಿಗಿರುವ ಪ್ರಾಣಿಯನ್ನು ನೋಡುತ್ತೇವೆ. ಅದನ್ನು ನೋಡಬೇಕು, ಸರಿ. ಆದರೆ ಅದಕ್ಕಿಂತ ಮುಖ್ಯವಾದದ್ದು, ಹೊಡೆದ ಮೇಲೆ ನಿಮ್ಮ ಕಾಲು ಎಲ್ಲಿರುತ್ತದೆ ಅನ್ನುವುದು. ಮಳೆಗಾಲದಲ್ಲಿ ಹಳ್ಳದ ಸಂಕ ದಾಟುವವರು ನೀರನ್ನು ನೋಡುವುದಿಲ್ಲ, ಮುಂದಿನ ಹೆಜ್ಜೆಯ ಜಾಗ ನೋಡುತ್ತಾರೆ. ಈ ಆಟದಲ್ಲೂ ಹಾಗೇ ಮಾಡಬೇಕು. ತುಳಿದರೆ ಮೇಲಕ್ಕೆ ಪುಟಿಯುತ್ತೀರಿ. ಸುತ್ತಿದರೆ ಇದ್ದಲ್ಲೇ ಇರುತ್ತೀರಿ, ಓಡುತ್ತಿದ್ದರೆ ಓಡುತ್ತಲೇ ಇರುತ್ತೀರಿ. ಜಾರಿದರೆ ಮುಂದಕ್ಕೆ ಹೋಗಿಬಿಡುತ್ತೀರಿ. ಹೊಟ್ಟೆ ಮೇಲೆ ಬಿದ್ದರೆ ಒಂದು ಗಳಿಗೆ ಅಲ್ಲೇ ಅಂಟಿಕೊಳ್ಳುತ್ತೀರಿ. ನಾಲ್ಕೂ ಹೊಡೆತದಿಂದ ಏಡಿ ಸಾಯುತ್ತದೆ. ಆದರೆ ಆಮೇಲೆ ನೀವು ನಿಲ್ಲುವುದು ಬೇರೆಬೇರೆ ಜಾಗದಲ್ಲಿ.

ಯಾವ ಭಾಗದಲ್ಲಿ ಏನಿದೆ

ಮೊದಲ ಆಟ 1996ರಲ್ಲಿ ಪ್ಲೇಸ್ಟೇಷನ್ (ಪಿಎಸ್1) ಗೇಮ್ ಯಂತ್ರಕ್ಕೆ ಬಂತು, ಮಾಡಿದವರು ನಾಟಿ ಡಾಗ್. ಅದರಲ್ಲಿ ಎರಡೇ ಹೊಡೆತ: ಮೇಲೆ ಹಾರಿ ತುಳಿಯುವುದು, ಸುತ್ತುವುದು. 1997ರ ಎರಡನೇ ಭಾಗದಲ್ಲಿ ಸ್ಲೈಡ್ (ಜಾರುವುದು) ಮತ್ತು ಬಾಡಿ ಸ್ಲ್ಯಾಮ್ (ಹೊಟ್ಟೆ ಮೇಲೆ ಬೀಳುವುದು) ಸೇರಿದವು, ಕೂತು ತೆವಳುವುದೂ ಬಂತು. 1998ರ ಮೂರನೇ ಭಾಗ ವಾರ್ಪ್ಡ್‌ನಲ್ಲಿ ಒಬ್ಬೊಬ್ಬ ಬಾಸ್‌ನನ್ನು (ಕೆಲವು ಹಂತಗಳ ನಂತರ ಎದುರಾಗುವ ದೊಡ್ಡ ಶತ್ರು) ಸೋಲಿಸಿದ ಹಾಗೆ ಒಂದೊಂದು ಹೊಸ ಶಕ್ತಿ ಸಿಗುತ್ತದೆ. ಈ ಮೂರನ್ನೂ ಹೊಸದಾಗಿ ಕಟ್ಟಿ ಎನ್. ಸೇನ್ ಟ್ರಿಲಜಿ ಅಂತ 2017ರಲ್ಲಿ ಪಿಎಸ್4ಗೆ, 2018ರಲ್ಲಿ ಪಿಸಿ ಮತ್ತು ಉಳಿದವಕ್ಕೆ ಬಿಟ್ಟರು. ಈಗ ನಮ್ಮ ಕಡೆ ಹುಡುಗರು ಜಾಸ್ತಿ ಆಡುವುದು ಇದನ್ನೇ. ನಾಲ್ಕನೇ ಭಾಗ 2020ರಲ್ಲಿ ಬಂತು.

ಇದನ್ನು ಯಾಕೆ ಹೇಳಿದೆ ಅಂದರೆ, ಟ್ರಿಲಜಿ ತೆಗೆದುಕೊಂಡವರು ಎರಡನೇ ಭಾಗ ಆಡಿ ಮೊದಲನೆಯದಕ್ಕೆ ಬಂದರೆ ಕಂಗಾಲಾಗುತ್ತಾರೆ. ಜಾರುವ ಬಟನ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕೆಟ್ಟಿಲ್ಲ. ಮೊದಲ ಭಾಗದಲ್ಲಿ ಜಾರುವುದು ಅನ್ನುವುದೇ ಇಲ್ಲ, ಹೊಸ ಆವೃತ್ತಿಯಲ್ಲೂ ಅದನ್ನು ಸೇರಿಸಿಲ್ಲ.

ತುಳಿಯುವುದು

ನನ್ನ ಮತ ಮೊದಲೇ ಹೇಳುತ್ತೇನೆ: ಅನುಮಾನ ಬಂದಾಗ ತುಳಿಯಿರಿ. ಹೊಸಬರಿಗೆ ಇದು ಹೆದರಿಕೆಯ ಹೊಡೆತ. ಗುರಿ ಸ್ವಲ್ಪ ತಪ್ಪಿದರೆ ಪ್ರಾಣಿಯ ಪಕ್ಕಕ್ಕೆ ಬಿದ್ದು ಸಾಯುತ್ತೀರಿ. ಏಟು ತಡೆಯುವ ಮುಖವಾಡ ಇಲ್ಲದಿದ್ದರೆ ಈ ಆಟದಲ್ಲಿ ಒಂದೇ ಏಟಿಗೆ ಕಥೆ ಮುಗಿಯುತ್ತದೆ. ಆದರೂ ಅಭ್ಯಾಸ ಮಾಡಿ. ತುಳಿದಾಗ ಸಿಗುವ ಪುಟಿತ ಬೇರೆ ಯಾವ ಹೊಡೆತದಿಂದಲೂ ಸಿಗುವುದಿಲ್ಲ. ತುಳಿಯುವ ಹೊತ್ತಿಗೆ ಜಿಗಿತದ ಬಟನ್ ಒತ್ತಿ ಹಿಡಿದಿದ್ದರೆ ಇನ್ನೂ ಎತ್ತರಕ್ಕೆ ಹೋಗುತ್ತೀರಿ.

ಮೊದಲ ಭಾಗದ ಆಮೆಯನ್ನೇ ತೆಗೆದುಕೊಳ್ಳಿ. ಮೇಲೆ ಹಾರಿದರೆ ಅದು ಸಾಯುವುದಿಲ್ಲ, ಅಂಗಾತ ಬೀಳುತ್ತದೆ. ಹೊಟ್ಟೆ ಮೇಲಾಗಿ ಕಾಲಾಡಿಸುತ್ತಾ ಅಲ್ಲೇ ಇರುತ್ತದೆ. ಈಗ ಆ ಹೊಟ್ಟೆಯ ಮೇಲೆ ಮತ್ತೆ ಹಾರಿದರೆ ಅದು ನಿಮ್ಮನ್ನು ಮೇಲಕ್ಕೆ ಎಸೆಯುತ್ತದೆ. ದ ಹೈ ರೋಡ್ ಅನ್ನುವ ಹಂತದಲ್ಲಿ ಮಂಜಿನ ನಡುವೆ ತೂಗು ಸೇತುವೆ ಇದೆ, ಹಲಗೆಗಳು ಅಲ್ಲಲ್ಲಿ ಇಲ್ಲ. ಅಲ್ಲಿ ಬರುವ ಆಮೆ ಶತ್ರು ಅಲ್ಲ, ನಿಮ್ಮ ಮೆಟ್ಟಿಲು. ಸ್ಪಿನ್ ಅಭ್ಯಾಸವಾದವರು ಏನು ಮಾಡುತ್ತಾರೆ? ಆಮೆ ಕಂಡ ತಕ್ಷಣ ಗಿರ್ರನೆ ಸುತ್ತಿ ಅದನ್ನು ಕಂದಕಕ್ಕೆ ಎಸೆಯುತ್ತಾರೆ. ಆಮೇಲೆ ಮುಂದಿನ ಹಲಗೆ ನೋಡುತ್ತಾ ನಿಲ್ಲುತ್ತಾರೆ. ಅಷ್ಟು ದೂರಕ್ಕೆ ಬರಿ ಜಿಗಿತ ಮುಟ್ಟುವುದಿಲ್ಲ. ಚಿಕ್ಕಮ್ಮನ ಮಗ ಆ ಸೇತುವೆ ಮೇಲೆ ಎಷ್ಟು ಹೊತ್ತು ಒದ್ದಾಡಿದ ಅಂದರೆ, ಆಟವೇ ಸರಿಯಿಲ್ಲ ಅಂತ ಬೈಯುತ್ತಿದ್ದ. ಫೋನಿನಲ್ಲೇ ಹೇಳಿದೆ: "ಆಮೆನ ಬಿಡೋ, ಹೊಡಿಬೇಡ. ಮಗುಚಿ ಹಾಕು, ಅದರ ಮೇಲಿಂದ ಹೋಗು." ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಕೂಗು ಕೇಳಿಸಿತು. ಆಮೇಲೆ ಅವನು ಆಮೆ ಕಂಡರೆ ಸುತ್ತುವುದನ್ನೇ ಬಿಟ್ಟ.

ಟ್ರಿಲಜಿಯಲ್ಲಿ ಒಂದು ಎಚ್ಚರ ಬೇಕು. ಹಳೆಯ ಪಿಎಸ್1 ಆಟದಲ್ಲಿ ಅಂಚಿಗೆ ಕಾಲು ತಾಗಿದರೂ ನಿಲ್ಲುತ್ತಿತ್ತು. ಹೊಸದರಲ್ಲಿ ಅಂಚಿನಿಂದ ಜಾರುತ್ತದೆ. ಮೂರನೇ ಭಾಗದ ಜಿಗಿತವನ್ನೇ ತಳಹದಿ ಮಾಡಿಕೊಂಡು ಮೂರೂ ಆಟಗಳನ್ನು ಕಟ್ಟಿದ್ದರಿಂದ ಮೊದಲ ಭಾಗದ ಸೇತುವೆಗಳನ್ನು ದಾಟುವುದು ಮೊದಲಿಗಿಂತ ಕಷ್ಟವಾಗಿದೆ. ಹಾಗಾಗಿ ತುಳಿಯುವಾಗ ಪ್ರಾಣಿಯ ನಡುಬೆನ್ನಿಗೇ ಗುರಿ ಇಡಿ. ನಿಮ್ಮ ನೆರಳು ನೆಲದ ಮೇಲೆ ಎಲ್ಲಿ ಬೀಳುತ್ತಿದೆ ಅಂತ ನೋಡುವ ಅಭ್ಯಾಸ ಮಾಡಿಕೊಂಡರೆ ಅರ್ಧ ಕಷ್ಟ ಕಡಿಮೆ. ಕ್ಯಾಮೆರಾ ಹಿಂದಿನಿಂದ ತೋರಿಸುವ ಹಂತಗಳಲ್ಲಿ ದೂರ ಅಂದಾಜಾಗುವುದಿಲ್ಲ, ಆಗ ನೆರಳೇ ಗತಿ.

ಸುತ್ತುವುದು

ಸ್ಪಿನ್‌ನ ದೊಡ್ಡ ಲಾಭ ಅಂದರೆ ಎಲ್ಲ ಕಡೆಗೂ ಏಟು ಬೀಳುತ್ತದೆ. ಯಾವ ದಿಕ್ಕಿಗೆ ಮುಖ ಮಾಡಿದ್ದೀರಿ ಅನ್ನುವುದು ಲೆಕ್ಕಕ್ಕಿಲ್ಲ. ಇಕ್ಕಟ್ಟಾದ ದಾರಿಯಲ್ಲಿ, ತಲೆ ಮೇಲೆ ಚಾವಣಿ ತಗ್ಗಿರುವ ಕಡೆ, ಹಿಂದಿನಿಂದ ಏನೋ ಬರುತ್ತಿರುವಾಗ ಇದಕ್ಕಿಂತ ಒಳ್ಳೆಯದು ಇಲ್ಲ. ಗಾಳಿಯಲ್ಲಿದ್ದಾಗಲೂ ಸುತ್ತಬಹುದು. ಇನ್ನೊಂದು ಚೆಂದದ ವಿಷಯ ಇದೆ: ಸುತ್ತಿ ಹೊಡೆದ ಪ್ರಾಣಿ ಹಾರಿ ಹೋಗಿ ಮುಂದಿರುವ ಇನ್ನೊಂದಕ್ಕೆ ಬಡಿದರೆ ಅದೂ ಸಾಯುತ್ತದೆ. ಎರಡು ಏಡಿ ಸಾಲಾಗಿ ಬರುತ್ತಿದ್ದರೆ ಮೊದಲನೆಯದನ್ನೇ ಎರಡನೆಯದರ ಮೇಲೆ ಎಸೆಯಿರಿ.

ಆದರೆ ಬಟನ್ ಬಡಿದಷ್ಟು ಸಲ ಕ್ರ್ಯಾಶ್ ಸುತ್ತುವುದಿಲ್ಲ. ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವ ನಡುವೆ ಚಿಕ್ಕ ಬಿಡುವು ಇರುತ್ತದೆ. ಮಕ್ಕಳು ಸಾಯುವುದು ಆ ಬಿಡುವಿನಲ್ಲಿ. ಪ್ರಾಣಿ ಇನ್ನೂ ದೂರ ಇರುವಾಗಲೇ ಗಾಬರಿಯಿಂದ ಸುತ್ತಿ ಮುಗಿಸಿರುತ್ತಾರೆ, ಅದು ಹತ್ತಿರ ಬರುವ ಹೊತ್ತಿಗೆ ಕ್ರ್ಯಾಶ್ ಸುಮ್ನೆ ನಿಂತಿರುತ್ತಾನೆ. ಒಂದೇ ಸಲ ಒತ್ತಿ, ಅದೂ ಹತ್ತಿರ ಬಂದಾಗ.

ಇನ್ನೊಂದು ನಷ್ಟ ಹಣ್ಣಿನದು. ನೆಲದ ಮೇಲಿರುವ ವುಂಪಾ ಹಣ್ಣಿಗೆ ಸ್ಪಿನ್ ತಾಗಿದರೆ ಅದು ನಿಮ್ಮ ಲೆಕ್ಕಕ್ಕೆ ಸೇರದೆ ಹಾರಿ ಹೋಗುತ್ತದೆ. ನೂರು ಹಣ್ಣಿಗೆ ಒಂದು ಜೀವ. ಸದಾ ಸುತ್ತುತ್ತಾ ಓಡುವವರು ದಾರಿಯುದ್ದಕ್ಕೂ ಜೀವ ಚೆಲ್ಲುತ್ತಾ ಹೋಗುತ್ತಾರೆ ಅಂತಲೇ ಅರ್ಥ.

ಜಾರುವುದು

ಓಡುತ್ತಾ ವೃತ್ತದ ಬಟನ್ ಒತ್ತಿದರೆ ಸ್ಲೈಡ್. ಎರಡನೇ ಭಾಗದಿಂದ ಮುಂದೆ ನನಗೆ ಬಹಳ ಇಷ್ಟವಾದ ಹೊಡೆತ ಇದು. ಇದನ್ನು ಹೊಡೆತ ಅನ್ನುವುದಕ್ಕಿಂತ ನಡಿಗೆ ಅನ್ನಬೇಕು, ಏಟು ಅದರ ಜೊತೆ ಉಚಿತ. ಎದುರಿಗಿರುವುದನ್ನು ಬಡಿದು ಹಾಕುತ್ತಾ ಮುಂದಕ್ಕೆ ಹೋಗುತ್ತೀರಿ, ನಿಲ್ಲಬೇಕಾಗಿಲ್ಲ. ಜಾರುತ್ತಿರುವಾಗಲೇ ಜಿಗಿದರೆ ಬರಿ ಜಿಗಿತಕ್ಕಿಂತ ದೂರಕ್ಕೂ ಎತ್ತರಕ್ಕೂ ಹೋಗುತ್ತೀರಿ. ಜಾರುತ್ತಿರುವಾಗ ಸುತ್ತಿದರೆ ವೇಗ ಇನ್ನೂ ಸ್ವಲ್ಪ ಮುಂದುವರಿಯುತ್ತದೆ. ವೇಗದ ಓಟಕ್ಕೆ ಆಡುವವರು ಜಾರು, ಸುತ್ತು, ಜಾರು, ಸುತ್ತು ಅಂತಲೇ ಇಡೀ ಹಂತ ಮುಗಿಸುತ್ತಾರೆ.

ಅಪಾಯ ಏನು ಅಂತ ನಿಮಗೇ ಗೊತ್ತಾಗಿರಬೇಕು. ಜಾರಿದ ಮೇಲೆ ನೀವು ಎಲ್ಲಿರುತ್ತೀರಿ? ಮುಂದೆ. ಅಲ್ಲಿ ನೆಲ ಇದೆಯೋ ಇಲ್ಲವೋ? ಪ್ರಾಣಿ ಕಂದಕದ ಅಂಚಿನಲ್ಲಿ ನಿಂತಿದ್ದರೆ ಅದರ ಜೊತೆ ನೀವೂ ಹೋಗುತ್ತೀರಿ. ಅದರ ಹಿಂದೆ, ತಾಗಿದರೆ ಸಿಡಿಯುವ ನೈಟ್ರೋ ಪೆಟ್ಟಿಗೆ ಅಡಗಿದ್ದರೂ ಹಾಗೇ. ಮುಂದಿನ ನಾಲ್ಕು ಹೆಜ್ಜೆ ಕಾಣಿಸದಿದ್ದರೆ ಜಾರಬೇಡಿ.

ಸುತ್ತು, ತುಳಿತ, ಜಾರು ಮೂರರ ವ್ಯತ್ಯಾಸವನ್ನು ಆಟವೇ ಕಲಿಸುವ ಜಾಗ ಎರಡನೇ ಭಾಗದ ಮೊದಲ ಹಂತ, ಟರ್ಟಲ್ ವುಡ್ಸ್. ಒಂದು ಥರದ ಆಮೆಯ ಚಿಪ್ಪಿನ ಸುತ್ತ ಗರಗಸದ ಅಲಗು ಇರುತ್ತದೆ. ಪಕ್ಕದಿಂದ ಹೋಗಿ ಸುತ್ತಿದರೆ ಸಾಯುವುದು ನೀವು. ಮೇಲಿಂದ ತುಳಿಯಬೇಕು. ಇನ್ನೊಂದು ಥರದ್ದರ ಬೆನ್ನ ಮೇಲೆ ಮುಳ್ಳು. ಅದನ್ನು ತುಳಿಯುವ ಹಾಗಿಲ್ಲ, ಸುತ್ತಿಯೋ ಜಾರಿಯೋ ಹೊಡೆಯಬೇಕು. ಒಂದು ಅಕ್ಷರ ಬರೆಯದೆ ಪಾಠ ಮಾಡಿದ್ದಾರೆ. ನಾಲ್ಕನೇ ಕ್ಲಾಸಿನ ಮಗುವಿಗೂ ಒಂದೆರಡು ಸಲ ಸತ್ತರೆ ಅರ್ಥವಾಗುತ್ತದೆ. ಆಟ ಕಟ್ಟುವವರ ಜಾಣತನ ಅಂದರೆ ಇದೇ ಅಂತ ನನಗೆ ಈಗಲೂ ಅನಿಸುತ್ತದೆ. ಹೊಸಬರು ಯಾರಾದರೂ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದರೆ ಮೊದಲ ಭಾಗ ಬಿಟ್ಟು ಇಲ್ಲಿಂದಲೇ ಮಾಡಿ ಅನ್ನುತ್ತೇನೆ.

ಬಾಡಿ ಸ್ಲ್ಯಾಮ್ ಬಗ್ಗೆ ಹೆಚ್ಚು ಹೇಳಲು ಇಲ್ಲ. ಜಿಗಿದು, ಗಾಳಿಯಲ್ಲಿರುವಾಗ ವೃತ್ತದ ಬಟನ್. ಕ್ರ್ಯಾಶ್ ಹೊಟ್ಟೆ ಕೆಳಗಾಗಿ ಧೊಪ್ಪನೆ ಬೀಳುತ್ತಾನೆ. ಕಬ್ಬಿಣದ ಪಟ್ಟಿ ಬಿಗಿದ ಗಟ್ಟಿ ಪೆಟ್ಟಿಗೆ ಒಡೆಯಲು ಇದು ಬೇಕೇ ಬೇಕು. ಬಿದ್ದ ಮೇಲೆ ಏಳಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಪ್ರಾಣಿ ಇದ್ದರೆ ಮುಗಿಯಿತು. ಜೀವ ಇರುವುದರ ಮೇಲೆ ಇದನ್ನು ಬಳಸುವ ಅಗತ್ಯ ನನಗೆ ಕಂಡಿಲ್ಲ. ಪೆಟ್ಟಿಗೆಗೆ ಇಟ್ಟುಕೊಳ್ಳಿ.

ಪೆಟ್ಟಿಗೆಗಳ ಮುಂದೆ ಆಯ್ಕೆ ಬೇರೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಪ್ರಾಣಿಗಳಿಗಿಂತ ಜಾಸ್ತಿ ಜನ ಸಾಯುವುದು ಪೆಟ್ಟಿಗೆಗಳಿಂದ.

ಮಾಮೂಲಿ ಮರದ ಪೆಟ್ಟಿಗೆಗೆ ಸ್ಪಿನ್ ಸಾಕು. ನಾಲ್ಕೈದು ಗುಂಪಾಗಿದ್ದರೆ ನಡುವೆ ಹೋಗಿ ಸುತ್ತಿ. ಆದರೆ ಹಣ್ಣು ತುಂಬಿದ ಪಟ್ಟೆ ಪೆಟ್ಟಿಗೆ ಇರುತ್ತದಲ್ಲ, ಅದರ ಮೇಲೆ ಕುಣಿದರೆ ಒಡೆಯುವ ತನಕ ಪ್ರತಿ ಸಲವೂ ಹಣ್ಣು ಬರುತ್ತದೆ. ಸುತ್ತಿದರೆ ತಟ್ಟನೆ ಒಡೆದು ಆ ಲಾಭ ಹೋಗುತ್ತದೆ. ಹಾಗಾಗಿ ಗುಂಪಿಗೆ ಕೈ ಹಾಕುವ ಮೊದಲು ಅದರಲ್ಲಿ ಯಾವ ಪೆಟ್ಟಿಗೆಗಳಿವೆ ಅಂತ ನೋಡಿ.

ಕೆಂಪು ಟಿಎನ್‌ಟಿ ಪೆಟ್ಟಿಗೆ. ಇದಕ್ಕೆ ಸ್ಪಿನ್ ತಾಗಿಸಿದರೆ ಆ ಕ್ಷಣವೇ ಸಿಡಿಯುತ್ತದೆ, ನೀವು ಪಕ್ಕದಲ್ಲೇ ಇರುತ್ತೀರಿ. ಮೇಲೆ ಹಾರಿದರೆ ಮೂರು, ಎರಡು, ಒಂದು ಅಂತ ಎಣಿಕೆ ಶುರುವಾಗುತ್ತದೆ, ಓಡಲು ಹೊತ್ತು ಸಿಗುತ್ತದೆ. ಇಲ್ಲಿ ತುಳಿಯುವುದು ಬಿಟ್ಟು ಬೇರೆ ದಾರಿ ಇಲ್ಲ. ತುಳಿದ ಮೇಲೆ ಪುಟಿದು ಯಾವ ಕಡೆ ಇಳಿಯಬೇಕು ಅನ್ನುವುದನ್ನು ತುಳಿಯುವ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಎಷ್ಟೋ ಜನ ತುಳಿದ ಮೇಲೆ ಯೋಚಿಸುತ್ತಾ ಮತ್ತೆ ಅದರ ಪಕ್ಕದಲ್ಲೇ ಇಳಿಯುತ್ತಾರೆ.

ಎರಡನೇ ಭಾಗದಿಂದ ಬರುವ ಹಸಿರು ನೈಟ್ರೋಗೆ ಯಾವ ಹೊಡೆತವೂ ಬೇಡ. ಸುತ್ತು, ತುಳಿತ, ಜಾರು, ಏನೇ ತಾಗಿದರೂ ಸಿಡಿಯುತ್ತದೆ. ಸುಮ್ನೆ ಬಿಟ್ಟು ಮುಂದೆ ಹೋಗಿ. ಅಂಥ ಹಂತಗಳ ಕೊನೆಯ ಹತ್ತಿರ ಆಶ್ಚರ್ಯಸೂಚಕ ಚಿಹ್ನೆ ಇರುವ ಹಸಿರು ಲೋಹದ ಪೆಟ್ಟಿಗೆ ಸಿಗುತ್ತದೆ, ಅದನ್ನು ಹೊಡೆದರೆ ಆ ಹಂತದ ನೈಟ್ರೋಗಳೆಲ್ಲ ಒಟ್ಟಿಗೆ ಸಿಡಿದು ನಿಮ್ಮ ಲೆಕ್ಕಕ್ಕೆ ಸೇರುತ್ತವೆ.

ಎಲ್ಲ ಪೆಟ್ಟಿಗೆ ಒಡೆದರೆ ಬಿಳಿ ಹರಳು ಸಿಗುತ್ತದೆ. 1996ರ ಮೂಲ ಆಟದಲ್ಲಿ ಒಂದು ಸಲವೂ ಸಾಯದೆ ಒಡೆಯಬೇಕಿತ್ತು. ಟ್ರಿಲಜಿಯಲ್ಲಿ ಬಿಳಿ ಹರಳಿಗೆ ಆ ಕಟ್ಟುಪಾಡು ಇಲ್ಲ, ಮೊದಲ ಭಾಗದ ಬಣ್ಣದ ಹರಳುಗಳಿಗೆ ಮಾತ್ರ ಉಳಿಸಿಕೊಂಡಿದ್ದಾರೆ. ಹರಳಿಗಾಗಿ ಆಡುವುದಾದರೆ ತುಳಿತ ಮತ್ತು ಸುತ್ತು, ಇವೆರಡೇ ಸಾಕು ಅನ್ನುವ ಮಟ್ಟಕ್ಕೆ ನಿಧಾನ ಮಾಡಿ. ಜಾರುವವರು ಪೆಟ್ಟಿಗೆ ಬಿಟ್ಟು ಹೋಗುತ್ತಾರೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ಹಂತದ ಮಧ್ಯೆ ಹೋದರೆ ಆ ಹಂತ ಮೊದಲಿನಿಂದ ಆಡಬೇಕು. ಟಿವಿ, ಕನ್ಸೋಲ್ ಇಟ್ಟುಕೊಂಡವರು ಜುಲೈನಲ್ಲಿ ಹರಳಿನ ಹಟಕ್ಕೆ ಬೀಳುವ ಮೊದಲು ಯುಪಿಎಸ್ ನೋಡಿಕೊಳ್ಳಿ.

ಬಾಸ್‌ಗಳು, ಹೊಸ ಶಕ್ತಿಗಳು

ಮೊದಲ ಭಾಗದ ಬಾಸ್‌ಗಳಲ್ಲಿ ಆಯ್ಕೆ ನಿಮ್ಮದಲ್ಲ, ಅವರೇ ತೀರ್ಮಾನಿಸಿಟ್ಟಿದ್ದಾರೆ. ಪಾಪು ಪಾಪುವಿನ ತಲೆ ಮೇಲೆ ಹಾರಬೇಕು. ರಿಪ್ಪರ್ ರೂಗೆ ಟಿಎನ್‌ಟಿ ತುಳಿದು ಸಿಡಿಸಬೇಕು. ಕೋಲಾ ಕಾಂಗ್ ಎಸೆಯುವ ಬಂಡೆಯನ್ನು ಸುತ್ತಿ ವಾಪಸ್ ಕಳಿಸಬೇಕು. ಪಿನ್‌ಸ್ಟ್ರೈಪ್ ಬಂದೂಕಿಗೆ ಗುಂಡು ತುಂಬುವ ಹೊತ್ತಿನಲ್ಲಿ ಓಡಿ ಹೋಗಿ ಸ್ಪಿನ್ ಹಾಕಬೇಕು. ಕೊನೆಗೆ ಕಾರ್ಟೆಕ್ಸ್ ಬಿಡುವ ಹಸಿರು ಗುಂಡುಗಳನ್ನು ಮಾತ್ರ ಸುತ್ತಿ ಅವನಿಗೇ ಹೊಡೆಯಬೇಕು, ಉಳಿದ ಬಣ್ಣದವುಗಳಿಂದ ತಪ್ಪಿಸಿಕೊಳ್ಳಬೇಕು.

ವಾರ್ಪ್ಡ್‌ನಲ್ಲಿ ಲೆಕ್ಕ ಬದಲಾಗುತ್ತದೆ. ಟೈನಿಯನ್ನು ಸೋಲಿಸಿದರೆ ಬಾಡಿ ಸ್ಲ್ಯಾಮ್‌ಗೆ ಬಲ ಜಾಸ್ತಿಯಾಗುತ್ತದೆ. ಡಿಂಗೋಡೈಲ್ ನಂತರ ಎರಡು ಜಿಗಿತ. ಎನ್. ಟ್ರೋಪಿ ನಂತರ ಸಿಗುವ ಡೆತ್ ಟೊರ್ನೇಡೋ ಸ್ಪಿನ್ ಇದೆಯಲ್ಲ, ಅದು ನಾನು ಮೇಲೆ ಸ್ಪಿನ್ ಬಗ್ಗೆ ಹೇಳಿದ ದೂರನ್ನೆಲ್ಲ ಅಳಿಸಿ ಹಾಕುತ್ತದೆ. ಬಟನ್ ಬಡಿಯುತ್ತಾ ಇದ್ದರೆ ಸುತ್ತು ಮುಂದುವರಿಯುತ್ತದೆ. ಗಾಳಿಯಲ್ಲಿ ಮಾಡಿದರೆ ನಿಧಾನವಾಗಿ ತೇಲುತ್ತಾ ದೊಡ್ಡ ಕಂದಕವನ್ನೂ ದಾಟಬಹುದು. ಅಲ್ಲಿಂದ ಮುಂದೆ ಸ್ಪಿನ್ ಒಂದೇ ಸಾಕಲ್ವಾ ಅಂತ ಕೇಳಿದರೆ ಹೆಚ್ಚುಕಡಿಮೆ ಹೌದು ಅನ್ನಬಹುದು. ಆದರೆ ಅಲ್ಲಿಯವರೆಗೆ ಬರುವಷ್ಟರಲ್ಲಿ ಉಳಿದದ್ದನ್ನು ಕಲಿತಿರುತ್ತೀರಿ. ಕಾರ್ಟೆಕ್ಸ್ ನಂತರ ವೇಗದ ಶೂ ಬರುತ್ತದೆ, ಸಮಯದ ಓಟದಲ್ಲಿ ಚಿನ್ನ, ಪ್ಲಾಟಿನಂ ರೆಲಿಕ್ ಬೇಕಾದವರು ಅದಕ್ಕೆ ಕಾಯಿರಿ. ಶೂ ಇಲ್ಲದೆ ಒದ್ದಾಡುವುದು ಸುಮ್ನೆ ದಂಡ.

ನಾಲ್ಕನೇ ಭಾಗದಲ್ಲಿ ಕ್ರ್ಯಾಶ್ ಮತ್ತು ಅವನ ತಂಗಿ ಕೋಕೋಗೆ ಸುತ್ತು, ಜಾರು, ಸ್ಲ್ಯಾಮ್, ಎರಡು ಜಿಗಿತ ಎಲ್ಲವೂ ಶುರುವಿನಿಂದಲೇ ಇವೆ. ಅಕಾನೋ ಮುಖವಾಡ ಹಾಕಿಕೊಂಡಾಗ ಸಿಗುವ ಕಪ್ಪು ಸ್ಪಿನ್ ನಿಲ್ಲದೆ ಸುತ್ತುತ್ತದೆ, ದೂರಕ್ಕೆ ಒಯ್ಯುತ್ತದೆ, ಆದರೆ ಹಿಡಿತಕ್ಕೆ ಸಿಗಲು ಹೊತ್ತು ಬೇಕು. ಬೇರೆ ಪಾತ್ರಗಳಲ್ಲಿ ನನಗೆ ಹಿಡಿಸಿದ್ದು ಕಾರ್ಟೆಕ್ಸ್. ಅವನಿಗೆ ಎರಡು ಜಿಗಿತ ಇಲ್ಲ. ಬದಲಿಗೆ ಕೈಯಲ್ಲಿ ಬಂದೂಕು. ಒಂದು ಸಲ ಹೊಡೆದರೆ ಶತ್ರು ಗಟ್ಟಿ ಮೆಟ್ಟಿಲಾಗುತ್ತಾನೆ, ಇನ್ನೊಂದು ಸಲ ಹೊಡೆದರೆ ಪುಟಿಯುವ ಮೆತ್ತೆಯಾಗುತ್ತಾನೆ. ದ ಹೈ ರೋಡ್‌ನ ಆಮೆ ಕಲಿಸಿದ್ದನ್ನೇ ಇಲ್ಲಿ ಒಂದು ಇಡೀ ಪಾತ್ರವಾಗಿ ಮಾಡಿದ್ದಾರೆ. ಎಲ್ಲಿ ಕಾಲಿಡಬೇಕು ಅಂತ ಮೊದಲು ನೋಡಿ, ಆಮೇಲೆ ಗುಂಡು ಹೊಡೆಯಬೇಕು.

ಕೈಗೆ ಏನು ಬೇಕು

ಕೀಬೋರ್ಡ್‌ನಲ್ಲಿ ಆಡಬಹುದು, ಆದರೆ ಜಾರಿ, ಜಿಗಿದು, ಗಾಳಿಯಲ್ಲಿ ಸುತ್ತುವಾಗ ಬೆರಳು ಸಿಕ್ಕಿಕೊಳ್ಳುತ್ತದೆ. ಒಂದು ಪ್ಯಾಡ್ ತೆಗೆದುಕೊಳ್ಳಿ, ದುಬಾರಿಯದ್ದೇ ಬೇಕಾಗಿಲ್ಲ. ಎಕ್ಸ್‌ಬಾಕ್ಸ್ ಥರದ ಪ್ಯಾಡ್ ಆದರೆ ಎ ಜಿಗಿತಕ್ಕೆ, ಎಕ್ಸ್ ಸ್ಪಿನ್‌ಗೆ, ಬಿ ಜಾರಲು. ಕೊಳ್ಳುವಾಗ ಅಂಗಡಿಯಲ್ಲೇ ಎಡಗೈಯ ಬಾಣದ ಗುರುತಿನ ಬಟನ್‌ಗಳನ್ನು ಒತ್ತಿ ನೋಡಿ. ಸೇತುವೆ ಹಂತಗಳಲ್ಲಿ ಹೆಬ್ಬೆರಳಿನಿಂದ ತಿರುಗಿಸುವ ಕಡ್ಡಿಗಿಂತ (ಸ್ಟಿಕ್) ಅದೇ ವಾಸಿ. ಕಡ್ಡಿ ಒಂದು ಕೂದಲೆಳೆ ಓರೆಯಾದರೂ ಕ್ರ್ಯಾಶ್ ಓರೆಯಾಗಿ ಜಿಗಿದು ಹಲಗೆಯ ಪಕ್ಕಕ್ಕೆ ಬೀಳುತ್ತಾನೆ. ಬಾಣದ ಬಟನ್ ಒತ್ತಿದರೆ ನೇರಕ್ಕೆ ನೇರ ಹೋಗುತ್ತಾನೆ. ಹಿಂದೆ ನಮ್ಮೂರಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಪಿಎಸ್2 ಆಡುವ ಪಾರ್ಲರ್‌ಗಳಿದ್ದಾಗ, ಆ ಯಂತ್ರದಲ್ಲಿ ಪಿಎಸ್1ರ ಡಿಸ್ಕೂ ಓಡುತ್ತಿತ್ತು. ಅಲ್ಲಿ ಕ್ರ್ಯಾಶ್ ಚೆನ್ನಾಗಿ ಆಡುತ್ತಿದ್ದವರೆಲ್ಲ ಕಡ್ಡಿ ಮುಟ್ಟುತ್ತಿರಲಿಲ್ಲ.

ಪ್ಯಾಡ್ ಕೈಗೆ ಬಂದ ಮೇಲೆ ಟರ್ಟಲ್ ವುಡ್ಸ್‌ನ ಮೊದಲ ಅರ್ಧವನ್ನು ಸ್ಪಿನ್ ಬಟನ್ ಮುಟ್ಟದೆ ಒಂದು ಸಲ ಆಡಿ ನೋಡಿ. ತುಳಿಯಿರಿ, ಜಾರಿ, ಜಾರಿ ಜಿಗಿಯಿರಿ. ಪೆಟ್ಟಿಗೆ ಉಳಿದರೆ ಉಳಿಯಲಿ. ಅದು ಸಲೀಸಾದ ಮೇಲೆ ಸ್ಪಿನ್ ಸೇರಿಸಿಕೊಳ್ಳಿ.